ಹಳೆಯ ಸ್ನಾನದ ತೊಟ್ಟಿಯ ಪ್ರಶ್ನೆ



ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಗಳು ಕೊಂಡ ಹಳೆಯ ಮನೆಯಲ್ಲಿ ನಾಲ್ಕು ಕಾಲಿನ, ಬೀಡುಕಬ್ಬಿಣದ ಸ್ನಾನದ ತೊಟ್ಟಿಯೊಂದಿದೆ. ಹಿಂದಿನವರು ಬಳಿಸಿದ್ದ ಲೇಪ ಈಗ ಸಿಪ್ಪೆಯಂತೆ ಏಳುತ್ತಿದೆ. ‘ಮತ್ತೆ ಲೇಪ ಹಾಕಿಸಲೋ, ತೊಟ್ಟಿಯನ್ನೇ ಬದಲಿಸಲೋ, ಅಪ್ಪಾ?’ ಎಂದು ಕೇಳಿದಳು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಲೇ ಸಂಸಾರ ಸಾಗಿಸಿದ ನಾನು, ‘ಹಳೆಯದನ್ನು ಎಸೆಯಬೇಡ, ಅದಕ್ಕೊಂದು ಚರಿತ್ರೆಯಿದೆ’ ಎಂದುಬಿಟ್ಟೆ.

ಚರಿತ್ರೆಯೇನೋ ಉಂಟು. ಆಸ್ಟ್ರಿಯಾದಿಂದ ವಲಸೆ ಬಂದಿದ್ದ ಜಾನ್ ಮೈಕೆಲ್ ಕೋಹ್ಲರ್ ಅದೇ ರಾಜ್ಯದ ಶೆಬಾಯ್ಗನ್‌ನಲ್ಲಿ 1873ರಲ್ಲಿ ಎರಕದ ಕಾರ್ಖಾನೆಯೊಂದನ್ನು ಕೊಂಡು ಬೇಸಾಯದ ಉಪಕರಣಗಳನ್ನು ತಯಾರಿಸುತ್ತಿದ್ದರು. 1883ರಲ್ಲಿ ಅವರು ಕುದುರೆಗೆ ನೀರುಣಿಸುವ ತೊಟ್ಟಿಗೆ ಎನಾಮಲ್ ಹಾಕಿಸಿ, ನಾಲ್ಕು ಕಾಲು ಜೋಡಿಸಿದರೆ ಮನುಷ್ಯರ ಸ್ನಾನಕ್ಕೂ ಒದಗುವುದೆಂದು ಸಾರಿದರು. ಈ ಎನಾಮಲ್ ಬಣ್ಣವಲ್ಲ, ಗಾಜು. ಕೆಂಪಗೆ ಕಾದ ಕಬ್ಬಿಣದ ಮೇಲೆ ಉದುರಿಸಿದ ಗಾಜಿನ ಪುಡಿ ಕರಗಿ ಲೋಹವನ್ನು ಕಚ್ಚಿಕೊಳ್ಳುತ್ತದೆ. ಮನೆಯಲ್ಲೇ ಬಳಿಯುವ ಎಪಾಕ್ಸಿ ಮುಂತಾದ ಲೇಪಗಳಾದರೋ ಬಣ್ಣದ ಜಾತಿಯವು. ಕಲಾಯಿಯಂತೆ ಸವೆಯುತ್ತವೆ, ಮತ್ತೆ ಹಾಕಿಸಬೇಕಾಗುತ್ತದೆ.

ಹಾಗೆ ಹಾಕಿಸುವ ಮುನ್ನ ಹಳೆಯ ಲೇಪವನ್ನು ಕೀಳಬೇಕು. ಅಪಾಯವಿರುವುದು ಅಲ್ಲಿಯೇ. ಆ ಕೆಲಸಕ್ಕೆ ಬಳಸುತ್ತಿದ್ದ ಮೀಥಲೀನ್ ಕ್ಲೋರೈಡ್‌ನ ಆವಿ ಗಾಳಿಗಿಂತ ಭಾರವಾದುದು. ತೊಟ್ಟಿಯೊಳಗೇ ತುಂಬಿ ನಿಲ್ಲುತ್ತದೆ. ಕಿರಿದಾದ ಕೋಣೆಯಲ್ಲಿ ಬಗ್ಗಿ ಉಜ್ಜುವವನು ಅದನ್ನೇ ಉಸಿರಾಡುತ್ತಾನೆ. 2000ರಿಂದ 2011ರವರೆಗಿನ ಅವಧಿಯಲ್ಲಿ ಅಮೆರಿಕದಲ್ಲಿ ಹೀಗೆ ಕನಿಷ್ಠ 13 ಮಂದಿ ಸತ್ತರೆಂದು 2012ರ ಸರ್ಕಾರಿ ವರದಿ ತಿಳಿಸಿತು. ಗೃಹಬಳಕೆಗಾಗಿ ಮಾರುವ ಬಣ್ಣ ಕೀಳುವ ದ್ರಾವಣಗಳಲ್ಲಿ ಅದನ್ನು 2019ರಲ್ಲಿ ನಿಷೇಧಿಸಲಾಯಿತು.

ಇದನ್ನು ಓದಿದ ಮೇಲೆ ಮಗಳಿಗೆ ಫೋನ್ ಮಾಡಿ ನನ್ನ ಮಾತನ್ನು ಹಿಂತೆಗೆದುಕೊಂಡೆ. ಆ ದ್ರಾವಣವನ್ನು ಮುಟ್ಟದೆ, ಕೋಣೆಗೆ ಗಾಳಿಯಾಡುವಂತೆ ಮಾಡಿಕೊಂಡು ಕೆಲಸ ಮಾಡುವವರು ಸಿಕ್ಕರೆ ಲೇಪ ಹಾಕಿಸು, ಸಿಗದಿದ್ದರೆ ಹೊಸದನ್ನು ತೆಗೆದುಕೋ ಎಂದೆ. ಹೊಸದನ್ನೇ ಕೊಂಡಳು. ಕೊಟ್ಟಿಗೆಯಿಂದ ಬಚ್ಚಲಿಗೆ ಬಂದ ವಂಶದ ಆ ತೊಟ್ಟಿ ಈಗ ಅಂಗಳದಲ್ಲಿ ಹೂಗಿಡಗಳನ್ನು ಹೊತ್ತು ಕುಳಿತಿದೆ.

ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನು ಕಾದ ಪಾತ್ರೆಗೆ ನವಸಾಗರ ಹಾಕಿದೊಡನೆ ಬಿಳಿಯ ಹೊಗೆ ಏಳುತ್ತಿತ್ತು. ಪಾತ್ರೆಯ ಹೊಳಪನ್ನು ನೋಡಿ ಹಿಗ್ಗಿದೆನೇ ಹೊರತು, ಆ ಹೊಗೆ ಯಾರ ಎದೆಯನ್ನು ಸೇರುತ್ತಿದೆಯೆಂದು ನಾನೆಂದೂ ಕೇಳಿದವನಲ್ಲ. ತರಗತಿಯಲ್ಲಿ ವಸ್ತುಗಳ ಚರಿತ್ರೆಯನ್ನು ಹೇಳುವಾಗಲೂ ನಿಮಗೆ ಆ ಪ್ರಶ್ನೆಯನ್ನು ಕಲಿಸಲಿಲ್ಲ. ತಡವಾಗಿಯಾದರೂ ಇಂದು ಹೇಳುತ್ತಿದ್ದೇನೆ.