ನಮ್ಮ ಮನೆಯ ಒಂಟಿ ನಳಿಗೆ ಕೋವಿ



ನಮ್ಮ ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ದೊಡ್ಡ ಇತಿಹಾಸ ಬರೆಯಲು ನಾನು ವಿದ್ವಾಂಸನಲ್ಲ. ನಮ್ಮ ಐನ್ ಮನೆಯ ಗೋಡೆಯಲ್ಲಿ ಮೂರು ತಲೆಮಾರಿನಿಂದ ತೂಗುತ್ತಿರುವ ಒಂದು ಹಳೇ ಕೋವಿ ಇದೆ. ಅದನ್ನು ರಿಪೇರಿ ಮಾಡಿಸಲು ಹೋಗಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಇಂಥ ಕೋವಿ ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇರುವುದರಿಂದ ಇದು ಉಪಯೋಗಕ್ಕೆ ಬಂದೀತು.

ಮೊದಲಿಗೆ, ಕೊಡಗಿನ ಮನೆಗಳಲ್ಲಿ ಇಷ್ಟೊಂದು ಕೋವಿ ಯಾಕೆ ಎಂದು ಹೊರಗಿನವರು ಕೇಳುವುದುಂಟು. 1834 ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತಮ್ಮ ವಶಕ್ಕೆ ತೆಗೆದುಕೊಂಡರು. 1857 ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಸಿದುಕೊಳ್ಳುವ ಕಾನೂನು ಬಂತು. ಆಗ, 1861 ರಲ್ಲಿ, ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟರು. 1878 ರಲ್ಲಿ ಆಯುಧ ಕಾಯ್ದೆ ಬಂದಾಗಲೂ, ಸ್ವಾತಂತ್ರ್ಯಾನಂತರ 1959 ರ ಆಯುಧ ಕಾಯ್ದೆ ಬಂದಾಗಲೂ ಆ ವಿನಾಯಿತಿ ಮುಂದುವರಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019 ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029 ರ ತನಕ ವಿಸ್ತರಿಸಿತು. 2021 ರಲ್ಲಿ ಕರ್ನಾಟಕ ಹೈಕೋರ್ಟು ಕೂಡ ಅದನ್ನು ಎತ್ತಿ ಹಿಡಿಯಿತು.

ಆದರೆ ಕಾನೂನಿಗಿಂತ ಮೊದಲು ಬಂದದ್ದು ಪದ್ಧತಿ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು. ಮನೆಯ ಹಿರಿಯರು ತೀರಿಕೊಂಡರೆ ಎರಡು ಈಡು. ಒಂದು ಕೇಳಿದರೆ ಊರವರು ನಗುತ್ತಾರೆ, ಎರಡು ಕೇಳಿದರೆ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ಎದ್ದು ಬರುತ್ತಾರೆ. ಪುತ್ತರಿಗೆ ಕದಿರು ಕೊಯ್ಯುವಾಗಲೂ ಈಡು ಹೊಡೆಯುತ್ತಾರೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳನ್ನೆಲ್ಲ ಒರೆಸಿ, ತೋಕ್ ಪೂ ಅಂದರೆ ಕೋವಿ ಹೂ ಸಿಕ್ಕಿಸಿ, ದೀಪದ ಮುಂದಿಟ್ಟು ಪೂಜೆ ಮಾಡುತ್ತಾರೆ. ಹೀಗೆ ಕೋವಿ ನಮಗೆ ಹುಟ್ಟು, ಸಾವು, ಬೆಳೆ ಮೂರಕ್ಕೂ ಸಾಕ್ಷಿ.

ಈಗ ನಮ್ಮ ಮನೆಯ ಕೋವಿಗೆ ಬರುತ್ತೇನೆ. ಇದು 12 ಬೋರಿನ ಒಂಟಿ ನಳಿಗೆಯ ತೋಟಾ ಕೋವಿ, ಒಂದು ಸಲಕ್ಕೆ ಒಂದೇ ಈಡು. 12 ಬೋರು ಅಂದರೆ ಏನು ಎಂದು ನನಗೂ ಮೊದಲು ಗೊತ್ತಿರಲಿಲ್ಲ. ಒಂದು ಪೌಂಡು ಸೀಸದಿಂದ ಒಂದೇ ಗಾತ್ರದ 12 ಗುಂಡು ಮಾಡಿದರೆ, ಆ ಒಂದು ಗುಂಡಿನ ಅಗಲ ಎಷ್ಟೋ ನಳಿಗೆಯ ಒಳ ಅಗಲವೂ ಅಷ್ಟೇ. ಸುಮಾರು ಹದಿನೆಂಟೂವರೆ ಮಿಲಿಮೀಟರ್ ಆಗುತ್ತದೆ.

ನಮ್ಮ ಮುತ್ತಜ್ಜನಿಗೆ ಒಬ್ಬ ಬಿಳಿ ದೊರೆ ಇದನ್ನು ಲಂಡನ್ನಿನಿಂದ ತರಿಸಿ ಬಹುಮಾನ ಕೊಟ್ಟ ಎಂಬುದು ಮನೆಯ ಕತೆ. ಅಜ್ಜ ಒಮ್ಮೆ ಮಳೆಗಾಲದಲ್ಲಿ ತೋಡು ದಾಟುವಾಗ ಜಾರಿ ಬಿದ್ದು ಇದರ ಮರದ ಹಿಡಿ ಸೀಳಿತು. ಅವರೇ ಒಂದು ಹಿತ್ತಾಳೆ ತಗಡು ಸುತ್ತಿ ಮೊಳೆ ಹೊಡೆದರು. ಅಜ್ಜ ತೀರಿಕೊಂಡ ದಿನ ಅಪ್ಪ ಇದೇ ಕೋವಿಯಿಂದ ಎರಡು ಈಡು ಹೊಡೆದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಆಗ ಚಿಕ್ಕ ಹುಡುಗ, ಕಿವಿ ಮುಚ್ಚಿಕೊಂಡು ಅವ್ವನ ಸೆರಗು ಹಿಡಿದು ನಿಂತಿದ್ದೆ.

2002 ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದ್ದು ನಿಮಗೆಲ್ಲ ನೆನಪಿರಬಹುದು. ಕೊಯ್ಲಿನ ಕೂಲಿ ಕೊಡಲೂ ಆಗದ ವರ್ಷ ಅದು. ಆಗ ಪರವಾನಗಿ ಇದ್ದ ವ್ಯಾಪಾರಿಯೊಬ್ಬರು ಬಂದು ಈ ಕೋವಿಗೆ ಒಳ್ಳೆಯ ಬೆಲೆ ಹೇಳಿದರು. ಅಪ್ಪ ಒಂದು ರಾತ್ರಿ ಇಡೀ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಎದ್ದು ಕೋವಿಯನ್ನು ಗೋಡೆಗೇ ತೂಗಿಸಿ ನಮ್ಮ ಸಂಘಕ್ಕೆ ನಡೆದರು. ಸಂಘ ಆಗ ಇನ್ನೂ ಕೂಸು, ಆದರೂ ಬೆಳೆ ಸಾಲ ಮಂಜೂರಾಯಿತು. ಎರಡು ವರ್ಷದಲ್ಲಿ ಕಂತು ತೀರಿತು, ಕೋವಿ ಮನೆಯಲ್ಲೇ ಉಳಿಯಿತು. ಈ ಲೇಖನ ಈ ಸಂಚಿಕೆಯಲ್ಲಿ ಬರಲು ಇದೂ ಒಂದು ಕಾರಣ.

ಅಪ್ಪನಿಗೆ ವಯಸ್ಸಾದ ಮೇಲೆ ಒಂದು ದಿನ ನನ್ನನ್ನು ಕರೆದು ಹೇಳಿದರು: “ಮಗ, ಆ ಕೋವಿನ ಒಮ್ಮೆ ಸರಿ ಮಾಡಿಸು. ಅಜ್ಜನಿಗೆ ಹೊಡೆದ ಹಾಗೆ ನನಗೂ ಅದ್ರಲ್ಲೇ ಎರಡು ಈಡು ಆಗ್ಬೇಕು.” ಆಗ ಅದು ಬಹಳ ವರ್ಷ ಈಡಾಗದೆ ತುಕ್ಕು ಹಿಡಿದಿತ್ತು. ಕುದುರೆ ಎಳೆದರೆ ನಿಲ್ಲುತ್ತಿರಲಿಲ್ಲ, ಒಳಗಿನ ಸ್ಪ್ರಿಂಗು ಸತ್ತಿತ್ತು. ಹಿಡಿಯ ಮರ ಎಣ್ಣೆ ಕುಡಿದು ಕುಡಿದು ಕಪ್ಪಾಗಿ ಮೆತ್ತಗಾಗಿತ್ತು.

ಪೇಟೆಯಲ್ಲಿ ಲೈಸೆನ್ಸ್ ಇರುವ ಹಿರಿಯ ಕೋವಿ ರಿಪೇರಿಯವರೊಬ್ಬರಲ್ಲಿಗೆ ಒಯ್ದೆ. ಊರ ಕಮ್ಮಾರರಲ್ಲಿ ಮಾಡಿಸಿದರೆ ಆಗದೇ ಎಂದು ಕೆಲವರು ಹೇಳಿದ್ದರು. ಆಗದು. ಕೋವಿ ರಿಪೇರಿಯ ವೃತ್ತಿಗೂ ಲೈಸೆನ್ಸ್ ಬೇಕೆಂದು ಕಾನೂನೇ ಹೇಳುತ್ತದೆ. ಅವರು ಮಾಡಿದ ಮೊದಲ ಕೆಲಸ ನಳಿಗೆ ಮಡಚಿ ಒಳಗೆ ತೋಟಾ ಇಲ್ಲವೆಂದು ನೋಡಿದ್ದು. ಎರಡನೆಯದು ನನ್ನನ್ನು ಬೈದದ್ದು. ಕಾರಣ, ನಾನು ಮನೆಯಲ್ಲಿ ಹುಣಸೆ ಹುಳಿ ಹಚ್ಚಿ ಉಜ್ಜಿದ್ದೆ! “ಕೋವಿ ಏನು ಪೂಜೆ ಚೆಂಬಾ ಮಾರಾಯ್ರೆ? ಹುಳಿ ಕಬ್ಬಿಣಾನ ತಿಂತದೆ. ಮರಳು ಕಾಗದ ಹಾಕಿದ್ರೆ ಗುರುತೆಲ್ಲ ಅಳಿಸಿ ಹೋಗ್ತದೆ. ತೆಳು ಎಣ್ಣೆ ಹಚ್ಚಿ ಎರಡು ದಿನ ಬಿಡಿ, ಆಮೇಲೆ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ” ಎಂದರು.

ಹಾಗೆ ನಿಧಾನವಾಗಿ ತುಕ್ಕು ತೆಗೆದಾಗ ಎರಡು ಸಂಗತಿ ಬೆಳಕಿಗೆ ಬಂದವು. ಮೊದಲನೆಯದು, ನಳಿಗೆಯ ಬುಡದಲ್ಲಿ ಒಂದು ಮೊಟ್ಟೆಯಾಕಾರದ ಮುದ್ರೆ, ಅದರೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರ. ಅದು ಲಂಡನ್ನಿನದಲ್ಲ, ಬೆಲ್ಜಿಯಂ ದೇಶದ ಲಿಯೇಜ್ ಪಟ್ಟಣದಲ್ಲಿ ನಳಿಗೆಯನ್ನು ಪರೀಕ್ಷೆ ಮಾಡಿ ಒತ್ತುವ ಮುದ್ರೆ. ಆ ಪಟ್ಟಣದಿಂದ ಅಗ್ಗದ ಒಂಟಿ ನಳಿಗೆ ಕೋವಿಗಳು ಲೋಕದ ಮೂಲೆ ಮೂಲೆಗೆ ಹೋಗುತ್ತಿದ್ದವು. ಹಾಗಾದರೆ ದೊರೆ ಲಂಡನ್ನಿನಿಂದ ತರಿಸಿದ ಕತೆ ನಿಲ್ಲಲಿಲ್ಲ. ಮುತ್ತಜ್ಜನೇ ಬೆವರು ಸುರಿಸಿ ದುಡಿದ ಹಣದಲ್ಲಿ ಕೊಂಡಿರಬೇಕು. ಯೋಚಿಸಿದರೆ ಅದೇ ಹೆಚ್ಚಿನ ಮರ್ಯಾದೆ ಎಂದು ನನಗನಿಸಿತು.

ಎರಡನೆಯ ಸಂಗತಿ ಅಷ್ಟು ಸುಖದ್ದಲ್ಲ. ನಳಿಗೆಯ ಮೈ ತುಂಬ ಸುರುಳಿ ಸುರುಳಿಯಾದ ಚಿತ್ತಾರ ಎದ್ದು ಬಂತು. ನೋಡಲು ಬಹಳ ಚೆಂದ. ಅದಕ್ಕೆ ಡಮಾಸ್ಕಸ್ ನಳಿಗೆ ಎನ್ನುತ್ತಾರೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಒಂದು ಸರಳಿನ ಸುತ್ತ ಹಗ್ಗದಂತೆ ಸುತ್ತಿ, ಕೆಂಪಗೆ ಕಾಯಿಸಿ ಬಡಿದು ಬೆಸೆದು ಮಾಡಿದ ನಳಿಗೆ ಅದು. ಕರಿ ಮದ್ದಿನ ಕಾಲಕ್ಕೆ ಅದು ಸರಿಯಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೊಗೆಯಿಲ್ಲದ ಹೊಸ ಮದ್ದು ಬಂತು. ಅದರ ಒತ್ತಡಕ್ಕೆಂದು ಈ ಹಳೇ ನಳಿಗೆಯನ್ನು ಮಾಡಿದ್ದಲ್ಲ, ಪರೀಕ್ಷಿಸಿದ್ದೂ ಅಲ್ಲ. ಅದರ ಮೇಲೆ ನಮ್ಮ ಮಳೆಗಾಲದ ಥಂಡಿ. ಬೆಸುಗೆಯ ಸಂದಿಯೊಳಗೆ ತುಕ್ಕು ಎಷ್ಟು ಇಳಿದಿದೆ ಎಂದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಸಾಲದ್ದಕ್ಕೆ ನಳಿಗೆಗೂ ಅದರ ಹಿಂದಿನ ಕಬ್ಬಿಣಕ್ಕೂ ನಡುವೆ ಒಂದು ತೆಳು ಕಾಗದ ಸಲೀಸಾಗಿ ಓಡಾಡುತ್ತಿತ್ತು. ಅಷ್ಟು ಸಡಿಲವಾಗಿತ್ತು ಕೀಲು.

ರಿಪೇರಿಯವರು ಸ್ಪಷ್ಟವಾಗಿ ಹೇಳಿದರು: “ಸ್ಪ್ರಿಂಗು ಹಾಕಿ ಕೊಡ್ತೇನೆ, ಮರ ಸರಿ ಮಾಡಿ ಕೊಡ್ತೇನೆ. ಆದ್ರೆ ಇದ್ರಲ್ಲಿ ಈಡು ಹೊಡೀಬೇಡಿ. ಈಗಿನ ತೋಟಾ ಹಾಕಿದ್ರೆ ಹೊಡೆದವರ ಎಡಗೈ ಹೋದೀತು.”

ಮರದ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯಿತು. ಸೀಮೆಸುಣ್ಣದ ಪುಡಿ ಮೆತ್ತಿ ಹಳೇ ಎಣ್ಣೆ ಹೀರಿಸಿದರು. ಸೀಳಿಗೆ ಅಂಟು ಹಾಕಿ ಬಿಗಿದರು. ಆಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು ಎಂಬಂತೆ ಹಲವು ಸಲ ಕೈಯಲ್ಲೇ ತಿಕ್ಕಿದರು. ಹಿತ್ತಾಳೆ ತಗಡು ತೆಗೆದು ಹಾಕಲೇ ಎಂದು ಕೇಳಿದರು. ನಾನು ಬೇಡವೆಂದೆ. ಅದು ಅಜ್ಜನ ಕೈಯ ಕೆಲಸ. ಅದನ್ನು ತೆಗೆದರೆ ಕೋವಿ ಚೆಂದ ಕಂಡೀತು, ಆದರೆ ನಮ್ಮದಾಗಿ ಉಳಿಯದು.

ಕೋವಿ ಮನೆಗೆ ಬಂತು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಆ ತಗಡನ್ನು ಸವರಿದರು. ಈಡು ಹೊಡೆಯಬಾರದು ಎಂಬ ಮಾತನ್ನು ಮುಚ್ಚಿಡಬೇಕೆಂದು ನನಗೆ ಆಸೆಯಾಗಿತ್ತು. ಆದರೆ ಹೇಳದಿದ್ದರೆ ನಾಳೆ ನನ್ನ ಮಗನೋ ತಮ್ಮನ ಮಗನೋ ಗೊತ್ತಿಲ್ಲದೆ ಕುದುರೆ ಎಳೆದಾರು. ಹೇಳಿಬಿಟ್ಟೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಹಾಗಾದ್ರೆ ಬೇರೆಯವರ ಕೋವಿಲಿ ಹೊಡೀರಿ. ಮಕ್ಕಳ ಕೈ ಹೋದ್ರೆ ನನ್ನ ಸಾವಿಗೆ ಏನು ಮರ್ಯಾದೆ ಉಂಟು?”

ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡರು. ನೆರೆಮನೆಯವರು, ಅವರೂ ನಮ್ಮ ಸಂಘದ ಸದಸ್ಯರೇ, ಕರೆಯುವ ಮೊದಲೇ ತಮ್ಮ ಕೋವಿ ಹಿಡಿದು ಅಂಗಳಕ್ಕೆ ಬಂದರು. ಎರಡು ಈಡು ಅವರ ಕೋವಿಯಿಂದಲೇ ಆಯಿತು. ನಮ್ಮ ಕೋವಿಯನ್ನು ಅಪ್ಪನ ಪಕ್ಕದಲ್ಲಿ ಇಟ್ಟಿದ್ದೆವು. ನಮ್ಮದು ಮೌನವಾಗಿತ್ತು, ನೆರೆಯವರದು ಮಾತಾಡಿತು. ಸಹಕಾರ ಎಂದರೆ ಇದೇ ಅಲ್ಲವೇ ಎಂದು ಆಮೇಲೆ ಅನಿಸಿತು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಅಟ್ಟದ ಮೇಲೋ ಗೋಡೆಯ ಮೇಲೋ ಇರುವ ಹಳೇ ಕೋವಿಯನ್ನು ಗುಜರಿ ಎಂದು ತಿಳಿಯಬೇಡಿ. ಹಾಗೆಂದು ಪರೀಕ್ಷೆ ಮಾಡಿಸದೆ ಹಬ್ಬದ ಉತ್ಸಾಹದಲ್ಲಿ ತೋಟಾ ತುಂಬಿಸಲೂ ಬೇಡಿ. ವಿನಾಯಿತಿ ಪತ್ರ ಸರಿಯಾಗಿ ಇಟ್ಟುಕೊಳ್ಳಿ. ಬೇಟೆಯ ಆಸೆಯಂತೂ ಬೇಡವೇ ಬೇಡ, 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ವರ್ಷಕ್ಕೆ ನಾಲ್ಕು ಸಲವಾದರೂ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಜಾಗದಲ್ಲಿ ಬೀಗ ಹಾಕಿ ಇಡಿ. ಹಿರಿಯರು ಇರುವಾಗಲೇ ಅದರ ಕತೆ ಕೇಳಿ ಬರೆದಿಡಿ.

ಮೊನ್ನೆಯ ಕೈಲ್ ಪೊಳ್ದಿನಲ್ಲಿ ನನ್ನ ಮೊಮ್ಮಗಳು ಅದರ ತುದಿಗೆ ಹೂ ಸಿಕ್ಕಿಸಿ, “ಅಜ್ಜ, ಇದು ಯಾಕೆ ಶಬ್ದ ಮಾಡುವುದಿಲ್ಲ?” ಎಂದು ಕೇಳಿದಳು. ಹತ್ತಿರ ಕೂರಿಸಿಕೊಂಡು ಈ ಕತೆಯನ್ನೆಲ್ಲ ಹೇಳಿದೆ.

ಕಷ್ಟಕಾಲದಲ್ಲಿ ನಮ್ಮ ಮನೆಯ ಕೋವಿಯನ್ನು ಗೋಡೆಯಿಂದ ಇಳಿಯಗೊಡದ ನಮ್ಮ ಸಂಘವು ಇನ್ನೂ ಬೆಳೆದು ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ ವಿರಮಿಸುತ್ತೇನೆ.