ಬಾಡದಿರಲಿ ಅಂತ ಇಟ್ಟ ಹೆಸರು

2010ರ ವಿಂಬಲ್ಡನ್‌ನಲ್ಲಿ ವೀನಸ್ ವಿಲಿಯಮ್ಸ್ ಅವರನ್ನ ಸೋಲಿಸಿ ಸೆಮಿಫೈನಲ್‌ಗೆ ಹೋದ ಬಲ್ಗೇರಿಯಾದ ಹುಡುಗಿ ಕೆಲವರಿಗೆ ನೆನಪಿರಬಹುದು. ಹೆಸರು ತ್ಸ್ವೆತಾನಾ ಪಿರೋಂಕೋವಾ. ಹೇಳೋಕೆ ನಾಲಿಗೆ ತೊಡರುತ್ತೆ, ಅರ್ಥ ಮಾತ್ರ ಸರಳ. ಅವರ ಭಾಷೇಲಿ ‘ತ್ಸ್ವೇತೆ’ ಅಂದ್ರೆ ಹೂವು. ನಮ್ಮ ಕಡೆ ಹೂವಮ್ಮ, ಪುಷ್ಪ ಅಂತ ಇಡಲ್ವಾ, ಹಾಗೆ. ಬಲ್ಗೇರಿಯಾ, ಸೆರ್ಬಿಯಾ, ಚೆಕ್, ಪೋಲೆಂಡ್, ಈ ಸ್ಲಾವ್ ಭಾಷೆಯವರಲ್ಲೆಲ್ಲ ಇದೇ ಬೇರಿನ ಪದ ಇದೆ. ಚೆಕ್ಕರಲ್ಲಿ ಕ್ವೇತಾ ಅಂತ ಹೆಣ್ಣುಮಕ್ಕಳಿಗೆ ಇಡ್ತಾರೆ, ಮೇ ತಿಂಗಳಿಗೂ ‘ಕ್ವೇತೆನ್’ ಅಂತಾರೆ.

ಚೆಂದಕ್ಕೆ ಇಟ್ಟ ಹೆಸರು ಅನ್ಕೋಬೇಡಿ. ಗಿಡದ ಗುಣ ನೋಡಿ ಇಟ್ಟಿದ್ದು. ನೆವೆನಾ ಅಂತ ಒಂದು ಹೆಸರಿದೆ. ‘ನೆವೆನ್’ ಅಂದ್ರೆ ಕ್ಯಾಲೆಂಡುಲ, ನಮ್ಮ ಚೆಂಡುಹೂವಿನ ದೂರದ ನೆಂಟ. ‘ನೆ’ ಅಂದ್ರೆ ಇಲ್ಲ, ‘ವೆನ್’ ಅಂದ್ರೆ ಬಾಡೋದು. ಬಾಡದ ಹೂವು. ಹಿಮ ಬೀಳೋ ತನಕ ಅರಳ್ತಾನೇ ಇರೋ ಗಿಡ ಅದು. ಹುಟ್ಟಿದ ಕೂಸು ಉಳಿಯುತ್ತೋ ಇಲ್ಲವೋ ಅನ್ನೋ ಕಾಲದಲ್ಲಿ ಆ ಹೆಸರಿಗೆ ಎಷ್ಟು ತೂಕ ಇದ್ದಿರಬೇಕು ಯೋಚನೆ ಮಾಡಿ. ಸೆರ್ಬಿಯಾದ ಲಿಪಿ ತಿದ್ದಿದ ವುಕ್ ಕರಾಜಿಚ್ (1787-1864) ಹೆಸರಲ್ಲೂ ಇದೇ ಭಯ ಇದೆ. ಮೊದಲ ಮಕ್ಕಳು ತೀರಿಕೊಂಡಿದ್ದಕ್ಕೆ ಈತನಿಗೆ ‘ವುಕ್’, ಅಂದ್ರೆ ತೋಳ, ಅಂತ ಹೆಸರಿಟ್ಟರು, ಮಾಟಗಾತಿಯರು ಹೆದರಲಿ ಅಂತ. ನಮ್ಮಲ್ಲಿ ಕೂಸನ್ನ ತಿಪ್ಪೆ ಮೇಲೆ ಉರುಳಿಸಿ ತಿಪ್ಪಣ್ಣ ಅಂತಿದ್ರಲ್ಲ, ಅದೇ ಲೆಕ್ಕ. ಬೊಸಿಲ್ಕಾ ಅನ್ನೋ ಸೆರ್ಬಿಯಾದ ಹೆಸರಂತೂ ನಮ್ಮ ಕಾಮಕಸ್ತೂರಿ ಗಿಡದ್ದೇ. ಅಲ್ಲಿ ಪಾದ್ರಿಗಳು ತೀರ್ಥ ಚಿಮುಕಿಸೋದು ಆ ಗಿಡದ ಕಟ್ಟಿನಿಂದ.

ಅವರಲ್ಲಿ ಸಂತರ ಹೆಸರಿಟ್ಟುಕೊಂಡವರು ಆ ಸಂತರ ದಿನ ಹೆಸರುಹಬ್ಬ ಮಾಡ್ತಾರೆ. ಹೂವಿಗೆ ಎಲ್ಲಿಯ ಸಂತ? ಅದಕ್ಕೆ ಬಲ್ಗೇರಿಯಾದಲ್ಲಿ ಈಸ್ಟರ್‌ಗೆ ಒಂದು ವಾರ ಮೊದಲು ಬರೋ ಭಾನುವಾರ, ‘ತ್ಸ್ವೆತ್ನಿತ್ಸಾ’, ಇವರಿಗೆಲ್ಲ ಸೇರಿ ಒಂದೇ ಹಬ್ಬ. ಗುಲಾಬಿ ಹೆಸರಿನ ರೋಜಾ, ವಯೊಲೆಟ್ ಹೂವಿನ ತೆಮೆನುಗಾ, ಮರದ ಹೆಸರಿನ ಗಂಡಸರೂ ಸೇರ್ತಾರೆ. ಖರ್ಜೂರದ ಗರಿ ಆ ಚಳಿ ದೇಶದಲ್ಲಿ ಎಲ್ಲಿ ಸಿಗಬೇಕು, ಚರ್ಚಿಗೆ ವಿಲ್ಲೋ ಮರದ ಕೊಂಬೆ ಒಯ್ತಾರೆ.

ಇಂಥ ಜನರ ನಾಡಲ್ಲೇ ಹೆಸರು ಕಿತ್ಕೊಂಡ ಕಥೆಯೂ ನಡೀತು. ಬಲ್ಗೇರಿಯಾದಲ್ಲಿ ತುರ್ಕಿ ಭಾಷೆಯ ಮುಸ್ಲಿಮರು ಲಕ್ಷಗಟ್ಟಲೆ ಇದ್ದಾರೆ. ಅವರಲ್ಲೂ ಹೂವಿನ ಹೆಸರುಂಟು. ಗುಲ್ ಅಂದ್ರೆ ಗುಲಾಬಿ (ನಮ್ಮ ‘ಗುಲಾಬಿ’ಯಲ್ಲಿರೋ ಗುಲ್ ಕೂಡ ಅದೇ ಪಾರ್ಸಿ ಪದ), ಲಾಲೆ ಅಂದ್ರೆ ಟುಲಿಪ್. 1984ರ ಕೊನೆಗೆ ತೊದೊರ್ ಝಿವ್ಕೊವ್ ಸರ್ಕಾರ ಪೊಲೀಸರಿಂದ ಹಳ್ಳಿಗಳನ್ನ ಸುತ್ತುವರಿಸಿ, ಕೆಲವೇ ತಿಂಗಳಲ್ಲಿ ಸುಮಾರು 8 ಲಕ್ಷ ಜನರ ಹೆಸರು ಬದಲಾಯಿಸಿತು. ಸತ್ತ ಹಿರಿಯರ ಹೆಸರನ್ನೂ ದಾಖಲೆಯಲ್ಲಿ ತಿದ್ದಿದರು. ತ್ಸ್ವೆತಾನಾ, ರೋಜಾ ಅಂತ ಹರಸಿ ಇಡೋ ಹೆಸರನ್ನೂ ಬಂದೂಕು ತೋರಿಸಿ ಬರೆಸಿದರೆ ಅದು ಯಾವ ಸೀಮೆ ಹೂವು?

1989ರ ಬೇಸಿಗೆಯಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿ ತುರ್ಕಿಗೆ ಹೊರಟರು. ಅವರಲ್ಲಿ ತಂಬಾಕು ಬೆಳೆಗಾರರು ಬಹಳ. ಎಲೆ ಕೊಯ್ಯೋ ಕಾಲ, ಆಳಿಲ್ಲ. ಬೆಳೆ ತೆಗೆಯೋಕೆ ಸರ್ಕಾರ ಬೇರೆ ಜನರನ್ನ ಹೊಲಕ್ಕೆ ಅಟ್ಟಬೇಕಾಯ್ತು. ಅದೇ ನವೆಂಬರ್‌ನಲ್ಲಿ ಝಿವ್ಕೊವ್ ಕುರ್ಚಿ ಹೋಯ್ತು. 1990ರ ಮಾರ್ಚ್‌ನಲ್ಲಿ ಹೊಸ ಕಾನೂನು ಬಂದು, ಜನ ಅರ್ಜಿ ಕೊಟ್ಟು ತಂತಮ್ಮ ಹೆಸರು ವಾಪಸ್ ತಗೊಂಡರು.