ಚಿತ್ರ ಹಿಡಿಯುವ ಹವ್ಯಾಸ

ಛಾಯಾಚಿತ್ರದ ಹವ್ಯಾಸ ಬೆಂಗಳೂರಿಗೆ ಫೋನಿನ ಜೊತೆಯಲ್ಲಿ ಬಂದುದಲ್ಲ. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಹುಟ್ಟಿದಾಗ ಅದಕ್ಕೆ ಮುಂದಾಳಾಗಿ ನಿಂತವರು ಈ ಊರಿನ ಡಾ. ಜಿ. ಥಾಮಸ್. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಲ್ಲಿಯೇ ಆರಂಭವಾಯಿತು. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರ ವನ್ಯಜೀವಿ ಚಿತ್ರಗಳು ದೇಶದಾಚೆಗೂ ಹೆಸರು ಗಳಿಸಿದವು. ಅತ್ತ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಬರವಣಿಗೆಯಷ್ಟೇ ಶ್ರದ್ಧೆಯಿಂದ ಹಕ್ಕಿಗಳಿಗಾಗಿ ಕಾದು ಕುಳಿತರು.

ಆ ಕಾಲದಲ್ಲಿ ಒಂದು ಸುರುಳಿ ಎಂದರೆ ಸಾಮಾನ್ಯವಾಗಿ 12 ಇಲ್ಲವೆ 36 ಚಿತ್ರ. ಗುಂಡಿ ಒತ್ತುವ ಮುನ್ನ ಬೆಳಕನ್ನೂ ಅಳೆಯಬೇಕು, ಕಿಸೆಯನ್ನೂ ಅಳೆಯಬೇಕು.

1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಫಿಲ್ಮಿಲ್ಲದ ಕ್ಯಾಮರಾ ಕಟ್ಟಿದರು. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಆ ಕೂಸೇ ತಾಯಿಯನ್ನು ನುಂಗಿತೋ ಏನೋ, 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು.

ಈಗ ಕೆಂಗೇರಿಯ ಕಡೆಯ ತುರಹಳ್ಳಿ ಕಾಡಿಗೆ ಹೋಗುವ ನನ್ನ ವಿದ್ಯಾರ್ಥಿಗಳು ಒಂದು ಹಕ್ಕಿಗೆ ನೂರು ಚಿತ್ರ ತೆಗೆಯುತ್ತಾರೆ. ತಪ್ಪೇನಿಲ್ಲ; ಬಡ ಹುಡುಗನಿಗೂ ಈ ಸುಖ ದಕ್ಕಿತಲ್ಲ! ನನ್ನ ಕಳವಳವೇ ಬೇರೆ. ಹಳೆಯ ನೆಗೆಟಿವ್ ಟ್ರಂಕಿನ ತಳದಲ್ಲಿ 60 ವರ್ಷ ಬಿದ್ದಿದ್ದರೂ ಬೆಳಕಿಗೆ ಹಿಡಿದರೆ ಮುಖ ಕಾಣುತ್ತದೆ. ಫೋನು ಕೆಟ್ಟರೆ ಸಂಸಾರದ ಹತ್ತು ವರ್ಷದ ಚಿತ್ರಗಳು ಒಮ್ಮೆಗೇ ಹೋಗಬಹುದು. ರಾಜಾಜಿನಗರದ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಚಿತ್ರ ತೆಗೆದವರು ಬಹಳ ಮಂದಿ ಇದ್ದಾರು. ಅಚ್ಚು ಹಾಕಿಸಿ, ಬೆನ್ನಿಗೆ ಬೀದಿಯ ಹೆಸರು, ಇಸವಿ ಬರೆದಿಟ್ಟವರು ನನಗೆ ಸಿಕ್ಕಿದ್ದು ಇಬ್ಬರೇ. ಇಬ್ಬರಿಗೂ ಎಪ್ಪತ್ತು ದಾಟಿದೆ.